ಹಾಡಿಗೆ ಸಲ್ಲಬೇಕಾದ ಸಂಭಾವನೆ

ಹಾಡೊಂದನ್ನು ಕೇಳಿ ಕಣ್ಣು ತೇವವಾದರೆ ಆ ಹಾಡು ಗೆದ್ದಿತೆಂದು ನಾವು ಭಾವಿಸುತ್ತೇವೆ. ಅಸಿಸಿಯ ಸಂತ ಫ್ರಾನ್ಸಿಸರಿಗೆ ಅಷ್ಟು ಸಾಲದಾಗಿತ್ತು. 1225ರಲ್ಲಿ, ಕಣ್ಣಿನ ಬೇನೆಯಿಂದ ಬೆಳಕನ್ನೇ ಸಹಿಸಲಾಗದ ಸ್ಥಿತಿಯಲ್ಲಿ, ಸಾನ್ ದಮಿಯಾನೋ ದೇವಾಲಯದ ಬಳಿಯ ಗುಡಿಸಲಿನಲ್ಲಿ ಮಲಗಿದ್ದ ಅವರು ಸೃಷ್ಟಿಗೀತೆಯನ್ನು ರಚಿಸಿದರು. ಸೂರ್ಯನನ್ನು ಸಹೋದರನೆಂದೂ ಚಂದ್ರನನ್ನು ಸಹೋದರಿಯೆಂದೂ, ಗಾಳಿ, ನೀರು, ಬೆಂಕಿ, ಭೂಮಿಗಳನ್ನು ಒಡಹುಟ್ಟಿದವರೆಂದೂ ಕರೆದ ಆ ಗೀತೆಯನ್ನು ಅವರು ಪಂಡಿತರ ಲತೀನ್ ಭಾಷೆಯಲ್ಲಿ ಬರೆಯಲಿಲ್ಲ. ಸಂತೆಬೀದಿಯ ಜನ ಆಡುವ ಉಂಬ್ರಿಯಾ ಸೀಮೆಯ ಆಡುಮಾತನ್ನೇ ಆರಿಸಿಕೊಂಡರು. ಸಹೋದರ ಸನ್ಯಾಸಿಗಳು ಊರೂರಿಗೆ ಹೋಗಿ ಅದನ್ನು ಹಾಡಬೇಕು, ಹಾಡಿ ಮುಗಿದ ಮೇಲೆ ಜನರಿಂದ ಸಂಭಾವನೆ ಕೇಳಬೇಕು ಎಂಬುದು ಅವರ ಇಚ್ಛೆಯಾಗಿತ್ತು. ಆ ಸಂಭಾವನೆ ಹಣವಲ್ಲ, ಕೇಳಿದವರ ಜೀವನ ಪರಿವರ್ತನೆ.

ಈ ಸಂಭಾವನೆ ಒಮ್ಮೆ ಅವರ ಜೀವಿತಕಾಲದಲ್ಲೇ ಸಂದಿತು. ಅಸಿಸಿಯ ಧರ್ಮಾಧ್ಯಕ್ಷರಿಗೂ ನಗರಾಧಿಕಾರಿಗೂ ನಡುವೆ ಕಡುವೈರ ಬೆಳೆದಿತ್ತು. ಫ್ರಾನ್ಸಿಸರು ಕ್ಷಮೆಯನ್ನು ಕುರಿತ ನುಡಿಯೊಂದನ್ನು ಗೀತೆಗೆ ಸೇರಿಸಿ, ಇಬ್ಬರನ್ನೂ ಒಂದೆಡೆ ಕರೆಸಿ, ಅವರೆದುರು ಹಾಡಿಸಿದರು. ಹಾಡು ಮುಗಿಯುವಷ್ಟರಲ್ಲಿ ವೈರಿಗಳು ಪರಸ್ಪರ ಆಲಿಂಗಿಸಿಕೊಂಡರೆಂದು ಸಂತರ ಪ್ರಾಚೀನ ಚರಿತ್ರೆ ಹೇಳುತ್ತದೆ.

ಆ ಗೀತೆಗೆ 2025ರಲ್ಲಿ 800 ವರ್ಷ ತುಂಬಿತು. 1979ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲ್ ಅವರು ಸಂತ ಫ್ರಾನ್ಸಿಸರನ್ನು ಪರಿಸರ ಕಾಳಜಿಯ ಪಾಲಕ ಸಂತರೆಂದು ಘೋಷಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಭೂಮಿಯ ರಕ್ಷಣೆಯನ್ನು ಕುರಿತ ತಮ್ಮ ವಿಶ್ವಪತ್ರಕ್ಕೆ 'ಲೌದಾತೊ ಸೀ' ಎಂಬ ಹೆಸರನ್ನು ಈ ಗೀತೆಯಿಂದಲೇ ಆಯ್ದುಕೊಂಡರು. ಹವಾಮಾನ, ನೀರು, ಬಡತನ, ಅರ್ಥನೀತಿ ಮುಂತಾದ ಕಠಿಣ ವಿಷಯಗಳನ್ನು ವಿವೇಚಿಸುವ ಆ ದೀರ್ಘ ಪತ್ರ, ಕೊನೆಯಲ್ಲಿ ವಿಶ್ವಾಸಿಗಳಿಗೆ ಹಾಡುತ್ತ ಮುನ್ನಡೆಯಿರೆಂದು ಹೇಳುತ್ತದೆ. ಪತ್ರದ ಹೆಸರೂ ಹಾಡು, ಮುಕ್ತಾಯವೂ ಹಾಡು. ಇದು ಬರಿಯ ಅಲಂಕಾರವೆಂದು ನಾವು ಭಾವಿಸುವುದಿಲ್ಲ. ಅಂಕಿ-ಅಂಶಗಳು ಮನುಷ್ಯನಿಗೆ ಅಪಾಯವನ್ನು ತಿಳಿಸಬಲ್ಲವು. ಆದರೆ ತಾನು ಪ್ರೀತಿಸದ ವಸ್ತುವನ್ನು ಉಳಿಸಲು ಯಾರೂ ಕಷ್ಟಪಡುವುದಿಲ್ಲ. ಆ ಪ್ರೀತಿಯನ್ನು ಹುಟ್ಟಿಸುವುದು ಹಾಡಿನ ಕೆಲಸ.

ಇದಕ್ಕೆ ನಮ್ಮ ಕಾಲದ ಅತ್ಯಂತ ಸ್ಪಷ್ಟವಾದ ಸಾಕ್ಷಿ ಸಮುದ್ರದಾಳದಿಂದ ಬಂದಿದೆ. ಇಪ್ಪತ್ತನೆಯ ಶತಮಾನವೊಂದರಲ್ಲೇ ಮನುಷ್ಯನು ಎಣ್ಣೆಗಾಗಿ, ಮಾಂಸಕ್ಕಾಗಿ ಕೊಂದ ತಿಮಿಂಗಿಲಗಳ ಸಂಖ್ಯೆ 30 ಲಕ್ಷದ ಹತ್ತಿರ. ಈ ಸಂಹಾರವನ್ನು ಕುರಿತು ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದರು, ಲೋಕ ಕಿವಿಗೊಡಲಿಲ್ಲ. 1960ರ ದಶಕದಲ್ಲಿ ಬರ್ಮುಡಾ ದ್ವೀಪದ ಬಳಿ, ಅಮೆರಿಕದ ನೌಕಾಪಡೆಗಾಗಿ ನೀರಿನೊಳಗಿನ ಶಬ್ದಗಳನ್ನು ಆಲಿಸುತ್ತಿದ್ದ ಎಂಜಿನಿಯರ್ ಫ್ರಾಂಕ್ ವಾಟ್ಲಿಂಗ್ಟನ್ ಅವರ ಯಂತ್ರಗಳಲ್ಲಿ ವಿಚಿತ್ರವಾದ ದೀರ್ಘ ಸ್ವರಗಳು ದಾಖಲಾಗಿದ್ದವು. ಅವುಗಳನ್ನು ಕೇಳಿದ ವಿಜ್ಞಾನಿ ರೋಜರ್ ಪೇನ್ ಮತ್ತು ಅವರ ಸಂಗಡಿಗರು ಗಮನವಿಟ್ಟು ಪರಿಶೀಲಿಸಿದಾಗ, ಅವು ಗೂನುಬೆನ್ನಿನ ತಿಮಿಂಗಿಲಗಳ ಹಾಡುಗಳೆಂಬುದು ಸ್ಪಷ್ಟವಾಯಿತು. ಅವುಗಳಲ್ಲಿ ಪಲ್ಲವಿಯಂತೆ ಮರಳಿ ಮರಳಿ ಬರುವ ಭಾಗಗಳಿದ್ದವು, ನಿಯತವಾದ ಕ್ರಮವಿತ್ತು.

1970ರಲ್ಲಿ ಆ ಧ್ವನಿಗಳು ಗ್ರಾಮಫೋನ್ ತಟ್ಟೆಯಾಗಿ ಹೊರಬಂದವು. 1979ರಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ತನ್ನ ಸಂಚಿಕೆಯೊಂದಿಗೆ ತಿಮಿಂಗಿಲಗಳ ಹಾಡಿನ ತೆಳುತಟ್ಟೆಯ ಒಂದು ಕೋಟಿಗೂ ಹೆಚ್ಚು ಪ್ರತಿಗಳನ್ನು ಓದುಗರ ಮನೆಗೆ ತಲುಪಿಸಿತು. ಅಲ್ಲಿಯವರೆಗೆ ಎಣ್ಣೆಯ ಪೀಪಾಯಿಯಂತೆ ಕಾಣುತ್ತಿದ್ದ ಪ್ರಾಣಿ, ಹಾಡುವ ಜೀವಿಯಾಗಿ ಜನರ ಮನಸ್ಸಿನಲ್ಲಿ ನೆಲೆಸಿತು. ಆದರೆ ಕೇಳಿದವರು ಕೇಳಿ ಸುಮ್ಮನಾಗಲಿಲ್ಲ ಎಂಬುದೇ ಇಲ್ಲಿ ಮುಖ್ಯವಾದ ಮಾತು. ಮನವಿಪತ್ರಗಳಿಗೆ ಸಹಿ ಹಾಕಿದರು, ಬೀದಿಗಿಳಿದರು, ತಮ್ಮ ತಮ್ಮ ಸರಕಾರಗಳನ್ನು ಒತ್ತಾಯಿಸಿದರು. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನವು ತಿಮಿಂಗಿಲ ಬೇಟೆಯನ್ನು ಹತ್ತು ವರ್ಷ ನಿಲ್ಲಿಸಬೇಕೆಂದು ಕೇಳಿತು. 1982ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಯನ್ನು ತಡೆಹಿಡಿಯಲು ನಿರ್ಧರಿಸಿತು. 1986ರಲ್ಲಿ ಆ ನಿರ್ಧಾರ ಜಾರಿಗೆ ಬಂದಿತು. ಕೆಲವು ರಾಷ್ಟ್ರಗಳು ಇಂದಿಗೂ ಅದಕ್ಕೆ ಒಳಪಟ್ಟಿಲ್ಲವಾದರೂ, ಅಳಿವಿನ ಅಂಚಿಗೆ ಸರಿದಿದ್ದ ಗೂನುಬೆನ್ನಿನ ತಿಮಿಂಗಿಲಗಳು ಅನೇಕ ಸಮುದ್ರಗಳಲ್ಲಿ ಮತ್ತೆ ಹೆಚ್ಚಿವೆ. ಇದೆಲ್ಲವನ್ನೂ ಒಂದು ಧ್ವನಿಮುದ್ರಿಕೆಯೇ ಸಾಧಿಸಿತೆಂದರೆ ಅತಿಶಯೋಕ್ತಿಯಾದೀತು. ಹಾಡು ಕೇಳಿದ ಸಂಭಾವನೆಯನ್ನು ಕೇಳುಗರು ಕೊಟ್ಟರು ಎಂದರೆ ಸತ್ಯವಾದೀತು.

ನಮ್ಮ ದೇಶದಲ್ಲಿಯೂ ಇದಕ್ಕೆ ನಿದರ್ಶನವಿದೆ. ಹಿಮಾಲಯದ ಗಢವಾಲ ಸೀಮೆಯ ಚಿಪ್ಕೋ ಚಳವಳಿಯಲ್ಲಿ ಜನಪದ ಕವಿ ಘನಶ್ಯಾಮ ಸೈಲಾನಿಯವರು ಕಟ್ಟಿದ ಹಾಡುಗಳು ಹಳ್ಳಿಯಿಂದ ಹಳ್ಳಿಗೆ ನಡೆದವು. ಅಕ್ಷರ ಬಾರದ ಹೆಂಗಸರಿಗೆ ಕರಪತ್ರ ತಲುಪಿಸಲಾಗದ ವಿಚಾರವನ್ನು ಹಾಡು ತಲುಪಿಸಿತು. ಅದೇ ಚಳವಳಿಯ ಪ್ರೇರಣೆಯಿಂದ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರ್ 8ರಂದು ಜನರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಮೂವತ್ತೆಂಟು ದಿನಗಳ ತರುವಾಯ ಮರ ಕಡಿಯುವ ಆದೇಶವನ್ನು ಸರಕಾರ ಹಿಂತೆಗೆದುಕೊಂಡಿತು. ಉಳಿಸು, ಬೆಳೆಸು, ಬಳಸು ಎಂಬ ಅಪ್ಪಿಕೋದ ಸೂತ್ರ ಪಾದಯಾತ್ರೆ, ಜಾನಪದ ಕುಣಿತ, ಬೀದಿನಾಟಕಗಳ ಮೂಲಕ ಘಟ್ಟದ ಊರುಗಳಿಗೆ ಹರಡಿತು.

ಸೆಪ್ಟೆಂಬರ್ 8! ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಈ ದಿನಾಂಕವನ್ನು ಪರಿಚಯಿಸಬೇಕಾಗಿಲ್ಲ. ಅದು ಕನ್ಯಾ ಮರಿಯಮ್ಮನವರ ಜನ್ಮೋತ್ಸವ, ನಮ್ಮ ಮೊಂತಿ ಹಬ್ಬ, ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು, ಹಾಡುತ್ತ ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ದು, ಕುಟುಂಬವೆಲ್ಲ ಒಂದಾಗಿ ಹೊಸಕ್ಕಿಯ ಊಟ ಮಾಡುತ್ತದೆ. ಪ್ರಕೃತಿಗೂ ಸಂಗೀತಕ್ಕೂ ಭಕ್ತಿಗೂ ಇದಕ್ಕಿಂತ ಸುಂದರವಾದ ಬೆಸುಗೆಯನ್ನು ನಮ್ಮ ಹಿರಿಯರು ಬೇರೆಲ್ಲಿಯೂ ಮಾಡಿಲ್ಲ.

ಈ ಆಚರಣೆಯ ಒಳಗುಟ್ಟನ್ನು ಗಮನಿಸಬೇಕು. ಹಾಡಬೇಕಾದರೆ ಮಗು ಮೊದಲು ಹೂ ಕೊಯ್ಯಬೇಕು. ಹೂ ಕೊಯ್ಯಬೇಕಾದರೆ ತುಂಬೆ ಯಾವ ಹುಣಿಯ ಮೇಲಿದೆ, ಕೇಪುಳ ಯಾವ ಗುಡ್ಡದಲ್ಲಿದೆ, ರಥಪುಷ್ಪ ಯಾವ ತೋಡಿನ ಬದಿಯಲ್ಲಿ ಅರಳಿದೆ ಎಂಬುದು ತಿಳಿದಿರಬೇಕು. ಹೀಗೆ ಹಾಡಿನ ನೆಪದಲ್ಲಿ ಮಕ್ಕಳು ತಮ್ಮ ಊರಿನ ನೆಲವನ್ನು ಕಲಿಯುತ್ತಿದ್ದರು. ಇಂದು ಎಷ್ಟೋ ಮನೆಗಳಲ್ಲಿ ಆ ಹೂವು ಪೇಟೆಯಿಂದ ಪೊಟ್ಟಣದಲ್ಲಿ ಬರುತ್ತದೆ. ಬೈಲುಗದ್ದೆಗಳು ತೋಟಗಳಾಗಿ, ನಿವೇಶನಗಳಾಗಿ ಮಾರ್ಪಟ್ಟ ಊರುಗಳಲ್ಲಿ ತೆನೆಯನ್ನೂ ದೂರದಿಂದ ತರಿಸಬೇಕಾಗಿದೆ. ಹಾಡು ಮಾತ್ರ ಹಾಗೆಯೇ ಉಳಿದಿದೆ. ವಾದ್ಯಗಳು ಹೆಚ್ಚಿವೆ, ಧ್ವನಿವರ್ಧಕಗಳು ದೊಡ್ಡದಾಗಿವೆ. ನೆಲ ಕಳೆದುಕೊಂಡ ಹಾಡು ಇನ್ನೆಷ್ಟು ಕಾಲ ಬಾಳೀತು?

ಇದು ಕೇವಲ ಗತಕಾಲದ ಹಂಬಲವಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಅರಬ್ಬೀ ಸಮುದ್ರ ಬಿಸಿಯೇರುತ್ತಿದೆ, ಸುರಿದರೆ ಮಳೆ ಒಮ್ಮೆಗೇ ಸುರಿಯುತ್ತಿದೆ. 2018ರಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2024ರ ಜುಲೈ ತಿಂಗಳಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿಯಿತು. ಅದೇ ತಿಂಗಳ ಕೊನೆಯಲ್ಲಿ ವಯನಾಡಿನ ಹಳ್ಳಿಗಳು ರಾತ್ರಿ ಬೆಳಗಾಗುವುದರೊಳಗೆ ಮಣ್ಣುಪಾಲಾದವು. ಕಾಡು ಬೋಳಾದ, ಬುಡ ಕಡಿದ ಇಳಿಜಾರಿನ ಮೇಲೆ ಇಂತಹ ಮಳೆ ಬಿದ್ದರೆ ಆಗುವುದೇನೆಂದು ಈಗ ಮಕ್ಕಳಿಗೂ ತಿಳಿದಿದೆ.

ಹಾಗಾದರೆ ನಮ್ಮ ಹಾಡುಗಳು ಕೇಳುವ ಸಂಭಾವನೆ ಯಾವುದು? ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವನ್ನಾಗಿ ಧರ್ಮಸಭೆಗೆ ಕೊಟ್ಟರು. ಅಂದಿನಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ ದಿನಗಳು ಸೃಷ್ಟಿಯ ಋತುವೆಂದು ಆಚರಿಸಲ್ಪಡುತ್ತಿವೆ. ಮೊಂತಿ ಹಬ್ಬ ಈ ಋತುವಿನೊಳಗೇ ಬರುತ್ತದೆ. ಹೊಸದೊಂದು ಕಾರ್ಯಕ್ರಮವನ್ನು ನಾವು ಕಲ್ಪಿಸಬೇಕಾಗಿಲ್ಲ. ಇರುವುದಕ್ಕೆ ಜೀವ ತುಂಬಿದರೆ ಸಾಕು.

ನೊವೆನಾದ ದಿನಗಳಲ್ಲಿ ಪ್ರತಿಯೊಂದು ಮಗುವೂ ಕನಿಷ್ಠ ಒಂದು ಹೂವನ್ನು ತಾನೇ ಹುಡುಕಿ ತರಲಿ, ಅದರ ಹೆಸರನ್ನೂ ಅದು ಬೆಳೆದ ಜಾಗವನ್ನೂ ಹೇಳಲಿ. ಹೆಸರು ತಿಳಿಯದಿದ್ದರೆ ಮನೆಯ ಅಜ್ಜಿಯನ್ನು ಕೇಳಲಿ. ಆ ಜಾಗದಲ್ಲಿ ಮುಂದಿನ ವರ್ಷವೂ ಅದೇ ಹೂ ಅರಳುವಂತೆ ನೋಡಿಕೊಳ್ಳುವುದು ಆ ಕುಟುಂಬದ ಹೊಣೆಯಾಗಲಿ. ಪ್ರತಿಯೊಂದು ವಾಳೆಯೂ ತನ್ನ ವ್ಯಾಪ್ತಿಯ ಒಂದು ತೋಡನ್ನೋ ಕೆರೆಯನ್ನೋ ಹಡಿಲು ಬಿದ್ದ ಗದ್ದೆಯನ್ನೋ ವಹಿಸಿಕೊಳ್ಳಲಿ. ಆಶೀರ್ವದಿಸುವ ತೆನೆ ಆ ಗದ್ದೆಯಿಂದಲೇ ಬರಲಿ. ಗಾಯನ ವೃಂದಗಳು ಸೃಷ್ಟಿಯನ್ನು ಸ್ತುತಿಸುವ ಕೀರ್ತನೆಗಳನ್ನು ಹಾಡುವಾಗ ದೇವಾಲಯದ ಅಂಗಳದಲ್ಲಿ ಪ್ಲಾಸ್ಟಿಕ್ ತೋರಣ, ಫ್ಲೆಕ್ಸ್ ಫಲಕಗಳು ತೂಗಾಡದಿರಲಿ. ಸಾಧ್ಯವಾದರೆ ಒಂದು ದಿನವಾದರೂ ಧ್ವನಿವರ್ಧಕವನ್ನು ನಿಲ್ಲಿಸಿ ಹಾಡೋಣ. ಸೃಷ್ಟಿಯ ಹಾಡು ಕೇಳಿಸಬೇಕಾದರೆ ನಮ್ಮ ಸದ್ದು ಸ್ವಲ್ಪ ತಗ್ಗಬೇಕಾಗುತ್ತದೆ.

ಇವು ಚಿಕ್ಕ ಕೆಲಸಗಳು, ಇವುಗಳಿಂದ ಭೂಮಿಯ ಬಿಸಿ ಇಳಿದೀತೇ ಎಂದು ಯಾರಾದರೂ ಕೇಳಬಹುದು. ಇವುಗಳಿಂದಲೇ ಇಳಿಯದು, ನಿಜ. ದೊಡ್ಡ ನಿರ್ಧಾರಗಳು ವಿಧಾನಸೌಧಗಳಲ್ಲಿ, ರಾಷ್ಟ್ರಗಳ ಸಮ್ಮೇಳನಗಳಲ್ಲಿ ಆಗಬೇಕು. ಆದರೆ ಅಲ್ಲಿ ಕುಳಿತವರನ್ನು ಪ್ರಶ್ನಿಸುವ ಧೈರ್ಯ, ತನ್ನ ಊರಿನ ತೋಡಿನ ಹೆಸರನ್ನೂ ಅರಿಯದ ಪ್ರಜೆಗೆ ಎಲ್ಲಿಂದ ಬರಬೇಕು? ಸಾಲ್ಕಣಿಯವರು ಅಪ್ಪಿಕೊಂಡದ್ದು ತಮಗೆ ಗೊತ್ತಿದ್ದ ಮರಗಳನ್ನು.

ಸಂತ ಫ್ರಾನ್ಸಿಸರ ಗಾಯಕರು ಇಂದು ನಮ್ಮ ಧರ್ಮಕೇಂದ್ರಗಳ ಅಂಗಳಕ್ಕೆ ಬಂದು ಹಾಡಿದರೆ ನಾವು ಮೆಚ್ಚಿ ಚಪ್ಪಾಳೆ ತಟ್ಟುವುದರಲ್ಲಿ ಸಂದೇಹವಿಲ್ಲ. ಹಾಡು ಮುಗಿದ ಮೇಲೆ ಅವರು ಕೈಯೊಡ್ಡಿ ನಿಲ್ಲುತ್ತಾರೆ. ಆಗ ಏನು ಕೊಡಬೇಕೆಂಬುದನ್ನು ಪ್ರತಿಯೊಂದು ಕುಟುಂಬವೂ ಈ ವರ್ಷದ ತೆನೆ ಮನೆಗೆ ಬರುವ ಮುನ್ನವೇ ನಿರ್ಧರಿಸಿಕೊಳ್ಳಲಿ.