ಗಾಡಿ ಆಮೇಲೆ, ಮೊದಲು ಎರಡು ಹೆಲ್ಮೆಟ್

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. ಹುಮನಾಬಾದ್ ಕಡೆಯ ಹುಡುಗ, ಹೈದರಾಬಾದಿಗೆ ಬಂದು ಎಂಟು ತಿಂಗಳಾಯಿತು, ಗಚ್ಚಿಬೌಲಿಯಲ್ಲಿ ಕೆಲಸ. "ಮಾಮಾ, ಬೈಕ್ ತಗೋಬೇಕು ಅಂತ ಮಾಡೀನಿ. ಕ್ಲಾಸಿಕ್ 350. ಲೋನ್ ನಿಮ್ಮ ಬ್ಯಾಂಕಿನಾಗೇ ಮಾಡಿಸ್ರಿ. ಗಣೇಶನ ಹಬ್ಬಕ್ಕ ಅದರ ಮ್ಯಾಲೇ ಊರಿಗೆ ಹೋಗೋದು" ಅಂದ. ಲೋನಿನ ಕತೆ ಆಮೇಲೆ, ಹೆಲ್ಮೆಟ್ಟಿಗೆ ಎಷ್ಟು ತೆಗೆದಿಟ್ಟಿದ್ದೀಯಪ್ಪಾ ಅಂತ ಕೇಳಿದೆ. "ಶೋರೂಮಿನವರು ಒಂದು ಕೊಡ್ತಾರಲ್ಲ" ಅಂದ.

ಒಂದು! ಇದೇ ನನ್ನ ತಕರಾರು. ಗಾಡಿಯ ಮೇಲೆ ಸೀಟು ಎರಡು, ಮನೆಯಲ್ಲಿ ಹೆಲ್ಮೆಟ್ ಒಂದು.

ನಾನು ಈ ಊರಿಗೆ ಬಂದಿದ್ದು 1997ರಲ್ಲಿ. ಬಂದ ವರ್ಷವೇ ಒಂದು ಸ್ಪ್ಲೆಂಡರ್ ತಗೊಂಡೆ, ಅದರ ಜೊತೆ ಒಂದೇ ಹೆಲ್ಮೆಟ್. 1999ರ ಜೂನ್, ಮೊದಲ ಮಳೆ ಬಿದ್ದು ಹತ್ತು ನಿಮಿಷವೂ ಆಗಿರಲಿಲ್ಲ. ಬರ್ಕತ್‌ಪುರದಿಂದ ಕಾಚಿಗುಡ ಕಡೆ ಬರ್ತಿದ್ವಿ, ಹಿಂದೆ ಹೆಂಡತಿ. ಎದುರಿಗೆ ಎಮ್ಮೆ ಅಡ್ಡ ಬಂತು, ನಾನು ಹಿಂದಿನ ಬ್ರೇಕ್ ಒಂದನ್ನೇ ತುಳಿದೆ. ಗಾಡಿ ಹಾವಿನ ಹಾಗೆ ನುಲಿದು ಇಬ್ಬರೂ ಬಿದ್ದೆವು. ನನ್ನ ಹೆಲ್ಮೆಟ್ಟಿಗೆ ಒಂದು ಗೀರು. ಅವಳ ತಲೆಗೆ ಏಳು ಹೊಲಿಗೆ. ಇವತ್ತಿಗೂ ಬೈತಲೆ ಪಕ್ಕದಲ್ಲಿ ಕೂದಲು ಬಾರದ ಒಂದು ಗೆರೆ ಇದೆ. ಅದರ ಬಗ್ಗೆ ಅವಳು ಒಂದು ದಿನವೂ ಮಾತಾಡಿಲ್ಲ. ನನಗೆ ಮಾತ್ರ ಅವಳು ತಲೆ ಬಾಚಿಕೊಳ್ಳುವಾಗೆಲ್ಲ ಕಾಣುತ್ತೆ.

ನಿಮಗೆ ನೆನಪಿರಬಹುದು, 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನಟ ಸಂಚಾರಿ ವಿಜಯ್ ಹೋಗಿಬಿಟ್ಟರು. ರಾಷ್ಟ್ರ ಪ್ರಶಸ್ತಿ ಪಡೆದ ಕಲಾವಿದ, ಗೆಳೆಯನ ಬೈಕಿನಲ್ಲಿ ಹಿಂದೆ ಕೂತಿದ್ದರು, ತಲೆಗೆ ಪೆಟ್ಟು. ಹೆಲ್ಮೆಟ್ ಇರಲಿಲ್ಲ ಅಂತ ಪತ್ರಿಕೆಗಳು ಬರೆದವು. ಅದೇ ವರ್ಷ ಸೆಪ್ಟೆಂಬರ್ 10, ಗಣೇಶ ಚೌತಿಯ ರಾತ್ರಿ, ನಮ್ಮ ಹೈದರಾಬಾದಿನ ಕೇಬಲ್ ಸೇತುವೆ ದಾಟಿ ಐಕಿಯಾ ಕಡೆ ಹೋಗುವ ರಸ್ತೆಯಲ್ಲಿ ತೆಲುಗು ನಟ ಸಾಯಿ ಧರಂ ತೇಜ್ ಬಿದ್ದರು. ರಸ್ತೆ ಮೇಲಿದ್ದ ಮರಳಿಗೆ ಗಾಡಿ ಜಾರಿತು, ಹೆಲ್ಮೆಟ್ ಹಾಕಿದ್ದರು ಅಂತ ಪೊಲೀಸರೇ ಹೇಳಿದರು. ಬಹಳ ದಿನ ಆಸ್ಪತ್ರೆಯಲ್ಲಿದ್ದು ಎದ್ದು ಬಂದರು, 2023ರಲ್ಲಿ ಅವರ ಸಿನಿಮಾನೂ ಬಂತು. ಎರಡು ಅಪಘಾತ ಒಂದೇ ಥರ ಅಂತ ನಾನು ಹೇಳ್ತಿಲ್ಲ. ಆದರೆ 2022ರ ಕೇಂದ್ರ ಸರ್ಕಾರದ ಲೆಕ್ಕ ನೋಡಿ. ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಇವರಲ್ಲಿ ಹಿಂದೆ ಕೂತವರು ಹದಿನಾಲ್ಕು ಸಾವಿರಕ್ಕೂ ಹೆಚ್ಚು.

ಹಾಗಾಗಿ ಹೊಸಬರಿಗೆ ನನ್ನ ಲೆಕ್ಕ ತಿರುವುಮುರುವು. ಗಾಡಿಯ ಬೆಲೆ ಕಟ್ಟುವ ಮೊದಲು ಹತ್ತು-ಹನ್ನೆರಡು ಸಾವಿರ ಪಕ್ಕಕ್ಕಿಡಿ. ಪೂರ್ತಿ ಮುಖ ಮುಚ್ಚುವ, ಐಎಸ್‌ಐ ಗುರುತಿನ ಎರಡು ಹೆಲ್ಮೆಟ್. 2021ರ ಜೂನ್ 1ರಿಂದ ಆ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ, ಆದರೂ ಫುಟ್‌ಪಾತಿನ ಮೇಲೆ ಮುನ್ನೂರು ರೂಪಾಯಿಗೆ ಟೋಪಿ ಮಾರೋದು ನಿಂತಿಲ್ಲ. ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿ, ಹೆಲ್ಮೆಟ್ ಜೊತೆ ಕೆನ್ನೆಯೂ ಅಲ್ಲಾಡಬೇಕು. ಗದ್ದದ ಕೆಳಗಿನ ಪಟ್ಟಿಯಲ್ಲಿ ಎರಡು ಬೆರಳು ಹಿಡಿಸಿದರೆ ಸಾಕು. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಹಾಕಬೇಡಿ, ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಕುಸಿದಿರುತ್ತೆ. ಆಮೇಲೆ ಕೈಗವಸು. ಬೀಳುವಾಗ ಮನುಷ್ಯ ಮೊದಲು ಊರೋದು ಅಂಗೈ. ಚಪ್ಪಲಿಯಲ್ಲಿ ಗಾಡಿ ಓಡಿಸಬೇಡಿ, ಇದಕ್ಕೆ ವಿವರಣೆ ಬೇಕಿಲ್ಲ.

ಗಾಡಿ ಯಾವುದು ಅಂತ ಕೇಳಿದರೆ, ನಿಂತಾಗ ಎರಡೂ ಪಾದ ನೆಲ ಮುಟ್ಟುವಂಥದ್ದು. ಕ್ಲಾಸಿಕ್ 350 ತೂಗೋದು 195 ಕಿಲೋ, ಸ್ಪ್ಲೆಂಡರ್ 112. ಅಮೀರ್‌ಪೇಟೆಯ ಸಂಜೆಯ ಗದ್ದಲದಲ್ಲಿ ಒಂದು ಕಾಲು ಗುಂಡಿಗೆ ಹೋದಾಗ ಆ 83 ಕಿಲೋ ವ್ಯತ್ಯಾಸ ಗೊತ್ತಾಗುತ್ತೆ. (ನಮ್ಮ ಕಾಕಾನ ಹತ್ತಿರ ಮೈಸೂರಲ್ಲಿ ತಯಾರಾದ ಯೆಜ್ಡಿ ಇತ್ತು, ಕಿಕ್ ಹೊಡೆಯೋ ಕಡ್ಡಿಯನ್ನೇ ಮಡಚಿದರೆ ಅದೇ ಗೇರ್! ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳೆಯದನ್ನು ಕಂಡರೆ ಈಗಲೂ ನಿಂತು ನೋಡ್ತೀನಿ. ಆದರೆ ಕಲಿಯುವವರಿಗೆ ಅದು ಗಾಡಿ ಅಲ್ಲ.) 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಒಳ್ಳೆಯದೇ. ಆದರೆ ಹಲವದರಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ, ಮತ್ತು ಮರಳಿನ ಮೇಲೆ ಯಾವ ಎಬಿಎಸ್ಸೂ ಪವಾಡ ಮಾಡೋದಿಲ್ಲ. ಖಾಲಿ ರಸ್ತೆಯಲ್ಲಿ ಮುಂದಿನ ಬ್ರೇಕನ್ನು ಮೆಲ್ಲಗೆ ಹಿಂಡುವುದು ಅಭ್ಯಾಸ ಮಾಡಿ. ಗಾಡಿಯನ್ನು ನಿಲ್ಲಿಸೋದು ಹೆಚ್ಚಾಗಿ ಅದೇ. ನನ್ನ ಹಾಗೆ ಹಿಂದಿನದನ್ನೇ ನಂಬಿ ಕೂರಬೇಡಿ.

ಇನ್ನು ಹವೆ. ಇಲ್ಲಿಯ ಏಪ್ರಿಲ್-ಮೇ ಬಿಸಿಲು ನಮ್ಮ ಬೀದರ್, ಕಲಬುರಗಿಯವರಿಗೆ ಹೊಸದಲ್ಲ. ಆದರೆ ಮಂಗಳೂರು, ಶಿವಮೊಗ್ಗ ಕಡೆಯಿಂದ ಬಂದವರು ಗಾಳಿ ಬಿದ್ದರೆ ತಂಪು ಅಂದುಕೊಂಡು ಅರ್ಧ ತೋಳಿನ ಅಂಗಿಯಲ್ಲಿ ಹೊರಡ್ತಾರೆ. 42 ಡಿಗ್ರಿಯಲ್ಲಿ ಗಾಳಿ ನಿಮ್ಮ ಚರ್ಮಕ್ಕಿಂತ ಬಿಸಿ. ಬೆವರನ್ನು ಕ್ಷಣದಲ್ಲಿ ಹೀರಿ ಒಲೆಯ ಮುಂದೆ ಕೂರಿಸಿದ ಹಾಗೆ ಮಾಡುತ್ತೆ. ಪೂರ್ತಿ ತೋಳಿನ ಹತ್ತಿ ಅಂಗಿ ಹಾಕಿ, ಅದನ್ನು ಒದ್ದೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಗಂಟೆಗೊಮ್ಮೆ ನಿಂತು ನೀರು. ತಲೆ ಧಿಮ್ ಅಂದರೆ ನೆರಳಿಗೆ ಬನ್ನಿ, ಇನ್ನು ಹತ್ತೇ ಕಿಲೋಮೀಟರ್ ಅನ್ನಬೇಡಿ.

ಮಳೆಯಲ್ಲಿ ಅಪಾಯ ಹೆಚ್ಚು ಮೊದಲ ಅರ್ಧ ಗಂಟೆ. ತಿಂಗಳುಗಟ್ಟಲೆ ರಸ್ತೆಗೆ ಅಂಟಿದ ಎಣ್ಣೆ, ಧೂಳು ಎದ್ದು ಸಾಬೂನಾಗುತ್ತೆ. ಜೋರು ಮಳೆ ತೊಳೆಯುವ ತನಕ ಚಹಾ ಕುಡಿಯಿರಿ, ಇರಾನಿ ಹೋಟೆಲ್ ಎಲ್ಲಿಲ್ಲ! ಬಿಳಿ ಪಟ್ಟೆ, ಕಬ್ಬಿಣದ ತಗಡು, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಬ್ರೇಕ್ ಬೇಡ. ಮಳೆಯಂಗಿ ಕಪ್ಪು ಬಣ್ಣದ್ದು ಕೊಳ್ಳಬೇಡಿ, ಲಾರಿಯವನಿಗೆ ಕಾಣಬೇಕಲ್ಲ. ನಿಂತ ನೀರಿಗೆ ಮಾತ್ರ ಇಳಿಯಲೇಬೇಡಿ. 2020ರ ಅಕ್ಟೋಬರ್ 13ರ ರಾತ್ರಿ ಈ ಊರಿನಲ್ಲಿದ್ದವರಿಗೆ ಇದನ್ನು ಹೇಳಬೇಕಿಲ್ಲ. ನೀರಿನ ಕೆಳಗೆ ರಸ್ತೆ ಇದೆಯೋ ತೆರೆದ ಚರಂಡಿ ಇದೆಯೋ ಯಾರಿಗೂ ಗೊತ್ತಿರಲ್ಲ. ಗಾಡಿ ನೀರಲ್ಲಿ ನಿಂತುಹೋದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಎಂಜಿನ್‌ಗೇ ಕುತ್ತು. ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ.

ಊರಿನ ದಾರಿಯ ಮಾತು. ಹೊರವರ್ತುಲ ರಸ್ತೆಯ ಮುಖ್ಯ ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಹುಮನಾಬಾದಿಗೆ ಸುಮಾರು 160 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ತೊಂದರೆ ಇರೋದು ಸೂರ್ಯನದು. ಶುಕ್ರವಾರ ಸಂಜೆ ಆಫೀಸು ಮುಗಿಸಿ ಪಶ್ಚಿಮಕ್ಕೆ ಹೊರಟರೆ ಮುಳುಗುವ ಸೂರ್ಯ ಕಣ್ಣಿಗೆ. ಸೋಮವಾರ ಬೆಳಿಗ್ಗೆ ಪೂರ್ವಕ್ಕೆ ವಾಪಸು ಬಂದರೆ ಹುಟ್ಟುವ ಸೂರ್ಯ ಕಣ್ಣಿಗೆ! ಕಬ್ಬಿನ ಕಾಲದಲ್ಲಿ ಕತ್ತಲಾದ ಮೇಲೆ ಹಿಂದಿನ ದೀಪವೇ ಇಲ್ಲದ ಟ್ರ್ಯಾಕ್ಟರ್‌ಗಳು. ಶನಿವಾರ ಬೆಳಿಗ್ಗೆ ಹೊರಡಿ, ಭಾನುವಾರ ಮಧ್ಯಾಹ್ನ ಊಟ ಮಾಡಿ ವಾಪಸು ಬನ್ನಿ. ಅಮ್ಮ ರಾತ್ರಿ ಊಟಕ್ಕೂ ಇರು ಅಂತಾಳೆ, ಏನಾದರೂ ಹೇಳಿ ತಪ್ಪಿಸಿಕೊಳ್ಳಿ.

ಕಡೆಗೆ ಬ್ಯಾಂಕಿನವನ ಮಾತು. ಇದನ್ನು ಯಾವ ಶೋರೂಮಿನವರೂ ನಿಮಗೆ ಹೇಳುವುದಿಲ್ಲ. ಕೆಲವು ವರ್ಷದ ಹಿಂದೆ ಒಬ್ಬ ತಾಯಿ ಮಗನ ಖಾತೆ ಮುಚ್ಚಲು ನನ್ನ ಮೇಜಿನ ಮುಂದೆ ಕೂತಿದ್ದರು. ಇಪ್ಪತ್ತಮೂರು ವರ್ಷದ ಹುಡುಗ, ಬೈಕ್. ಸಾಲ ಸುಲಭವಾಗಿ ಸಿಗಲಿ ಅಂತ ಗಾಡಿ ಅಪ್ಪನ ಹೆಸರಿನಲ್ಲಿತ್ತು. ವಿಮೆಯ ಜೊತೆ ಬರುವ 15 ಲಕ್ಷದ ಅಪಘಾತ ರಕ್ಷಣೆ ಇರುವುದು ಗಾಡಿಯ ಮಾಲೀಕ ತಾನೇ ಓಡಿಸುವಾಗ, ಅದೂ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದಾಗ. ಮಗ ಮಾಲೀಕನಲ್ಲ. ಆ ಹಣ ಬರಲಿಲ್ಲ. 20 ರೂಪಾಯಿಗೆ ಎರಡು ಲಕ್ಷ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇತ್ತೇ ಅಂತ ನೋಡಿದೆ. ಕಂತು ಕಟ್ಟಾಗುವ ದಿನ ಖಾತೆಯಲ್ಲಿ ಹಣ ಇರಲಿಲ್ಲ, ಅದೂ ಹೋಗಿತ್ತು. ಆ ತಾಯಿ ಪಾಸ್‌ಬುಕ್ ಮಡಚಿ ಸೆರಗಿನ ಕೆಳಗೆ ಇಟ್ಟುಕೊಂಡು ಎದ್ದು ಹೋದರು. ಗಾಡಿ ಓಡಿಸುವವರ ಹೆಸರಲ್ಲೇ ತಗೊಳ್ಳಿ. ಆ 20 ರೂಪಾಯಿ ಮೇ ಕೊನೆಗೆ ಖಾತೆಯಲ್ಲಿರಲಿ. ಊರಿಂದ ಕೆಎ ನಂಬರಿನ ಗಾಡಿ ತಂದವರು, ಹನ್ನೆರಡು ತಿಂಗಳ ಮೇಲೆ ಇಲ್ಲೇ ಇಟ್ಟುಕೊಳ್ಳುವುದಾದರೆ ಇಲ್ಲಿ ನೋಂದಣಿ ಮಾಡಿಸಬೇಕು, ತೆರಿಗೆಯನ್ನೂ ಕಟ್ಟಬೇಕು, ನೆನಪಿರಲಿ.

ಇದನ್ನೆಲ್ಲ ಅಕ್ಕನ ಮಗನಿಗೆ ಫೋನಿನಲ್ಲೇ ಹೇಳಿದೆ. ಅರ್ಧ ಗಂಟೆ ಹ್ಞೂಂ ಹ್ಞೂಂ ಅಂದ. ಹಬ್ಬಕ್ಕೆ ಈ ಸಲ ಬಸ್ಸಿಗೇ ಹೋಗ್ತೀನಿ ಅಂತ ಒಪ್ಪಿದ, ಗಾಡಿ ದೀಪಾವಳಿಗೆ. ನಿನ್ನೆ ರಾತ್ರಿ ಮತ್ತೆ ಫೋನ್. "ಮಾಮಾ, ಟೇಪ್ ಹಿಡಿದು ನೋಡಿದೆ, ನನ್ನ ತಲಿ 58 ಸೆಂಟಿಮೀಟರ್. ಇನ್ನೊಂದು ಹೆಲ್ಮೆಟ್ ಸ್ವಲ್ಪ ಸಣ್ಣದು ತಗೋಬೇಕೇನೋ..."

ಯಾರ ತಲೆಗಪ್ಪಾ ಅಂತ ಕೇಳಿದೆ. ಸಿಗ್ನಲ್ ಇಲ್ಲ ಅಂತ ಫೋನ್ ಇಟ್ಟುಬಿಟ್ಟ.