ಯಾವ ಕಡತ ಯಾರ ಕಣ್ಣಿಗೆ?

ದೊಡ್ಡ ಆಸ್ಪತ್ರೆಯೊಂದು ಡೇಟಾ ಪ್ರವೇಶವನ್ನು ನಿಯಂತ್ರಿಸುವ ವ್ಯವಸ್ಥೆ ತರಲು ಹೊರಟಿದೆ ಎನ್ನೋಣ. ಸಾಫ್ಟ್‌ವೇರ್ ಕೂರಿಸುವುದು ಸಲೀಸು. ಯಾವ ಮಾಹಿತಿ ಎಲ್ಲಿದೆ, ಅದಕ್ಕೆ ಹೊಣೆ ಯಾರು ಎಂದು ಕೇಳಿದಾಗಲೇ ತೊಡಕು ಶುರು. ಐಟಿಯವರು ಸರ್ವರ್ ಮಾತ್ರ ತಮ್ಮದು ಎನ್ನುತ್ತಾರೆ. ವೈದ್ಯರು ಐಟಿಯವರತ್ತ ಕೈ ತೋರಿಸುತ್ತಾರೆ.

ಸರ್ವರ್‌ನಲ್ಲಿರುವ ಕಡತಗಳ ಮೊದಲ ಸ್ಕ್ಯಾನ್ ಮುಗಿದಾಗ ಹೊರಬರುವ ಪಟ್ಟಿಯನ್ನು ಸಾವಧಾನವಾಗಿ ಓದಬೇಕು. ರಕ್ತಪರೀಕ್ಷೆಯ ಫಲಿತಾಂಶವಿರುವ ಎಕ್ಸೆಲ್ ಕಡತ ಎಲ್ಲರಿಗೂ ತೆರೆದ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ವಾರ್ಡಿನಿಂದ ಬಿಲ್ಲಿಂಗ್‌ಗೆ ವರ್ಗವಾದವರಿಗೆ ಹೊಸ ಅನುಮತಿ ಸಿಕ್ಕಿರುತ್ತದೆ, ಹಳೆಯದನ್ನು ಯಾರೂ ತೆಗೆದಿರುವುದಿಲ್ಲ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಅನುಮತಿ ಕೊಡದಿದ್ದರೆ ಅಂದಿನ ಕೆಲಸ ನಿಲ್ಲುತ್ತದೆ, ಹಿಂಪಡೆಯದಿದ್ದರೆ ಏನೂ ನಿಲ್ಲುವುದಿಲ್ಲ, ಅಷ್ಟೇ.

ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಿ, ಹೇಳದೇ ಇದ್ದಲ್ಲಿ ಬಾಗಿಲು ಮುಚ್ಚಿರಲಿ ಎಂಬ ತತ್ತ್ವಗಳನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಸರ್ ಮತ್ತು ಶ್ರೋಡರ್ 1975ರ ಪ್ರಬಂಧದಲ್ಲೇ ವಿವರಿಸಿದ್ದರು. ಆದರೆ ಎಷ್ಟು ಬೇಕು ಎಂಬುದನ್ನು ಪ್ರಬಂಧ ಹೇಳಲಾರದು, ವಾರ್ಡಿನ ನರ್ಸ್ ಹೇಳಬಲ್ಲರು. ಅವರನ್ನು ಕೂರಿಸಿಕೊಳ್ಳದೆ ನಿಯಮ ಬರೆಯುವುದು ಅನ್ಯಾಯ.

ಮುಚ್ಚುವುದೊಂದೇ ಪ್ರವೇಶ ನಿಯಂತ್ರಣದ ಗುರಿ ಎಂದುಕೊಳ್ಳಬಾರದು. ಜಮೀನಿನ ದಾಖಲೆಗಳಿಗಾಗಿ ಕರ್ನಾಟಕ ತಂದ ನಮ್ಮ 'ಭೂಮಿ' ಯೋಜನೆಯನ್ನೇ ನೋಡಿ. ಪಹಣಿ ಕಂಪ್ಯೂಟರಿಗೆ ಬಂದ ಮೇಲೆ 15 ರೂಪಾಯಿ ಕೊಟ್ಟ ಯಾರಿಗೂ ಅದರ ಪ್ರತಿ ಸಿಗುವಂತಾಯಿತು. ದಾಖಲೆ ತಿದ್ದುವ ಸಿಬ್ಬಂದಿ ಮಾತ್ರ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಖಾತೆ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಆಮೇಲೆ ನಾನಲ್ಲ ಎನ್ನುವುದು ಕಷ್ಟವಾಯಿತು. ಓದಲು ಎಲ್ಲರಿಗೂ ಬಿಟ್ಟು, ತಿದ್ದಲು ಕೆಲವರನ್ನಷ್ಟೇ ಬಿಟ್ಟ ಆ ವಿವೇಚನೆ ನನಗೆ ಇಂದಿಗೂ ಮೆಚ್ಚುಗೆ. ಆದರೆ ಜಮೀನಿನ ದಾಖಲೆಗೆ ಸರಿಹೋದದ್ದು ರೋಗಿಯ ದಾಖಲೆಗೆ ಹೋಗದು. ಅಲ್ಲಿ ಓದುವುದಕ್ಕೂ ಕಾರಣ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ರಕ್ಷಣೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ.

ಹಾಗೆಂದು ಮೊದಲ ದಿನವೇ ಎಲ್ಲವನ್ನೂ ತಡೆದರೆ ಆಸ್ಪತ್ರೆ ಸ್ತಬ್ಧವಾಗುತ್ತದೆ. ಕೆಲವು ವಾರ ಯಾರನ್ನೂ ತಡೆಯದೆ ಯಾರು ಏನು ತೆರೆಯುತ್ತಾರೆಂದು ದಾಖಲಿಸಿಕೊಂಡು, ಆಮೇಲೆ ಒಂದೊಂದು ವಿಭಾಗವಾಗಿ ನಿಯಮ ಜಾರಿಗೆ ತರುವುದು ಒಳ್ಳೆಯದು. ಮಧ್ಯರಾತ್ರಿ ಪ್ರಜ್ಞೆ ತಪ್ಪಿದ ರೋಗಿ ಬಂದರೆ, ಕರ್ತವ್ಯದ ಮೇಲಿರುವ ವೈದ್ಯರಿಗೆ ಆ ರೋಗಿಯ ಕಡತ ತೆರೆಯಲೇಬೇಕು. ಕಾರಣ ಟೈಪ್ ಮಾಡಿ ತೆರೆಯಲಿ, ಅದು ದಾಖಲಾಗಲಿ. ಮರುದಿನ ಅದನ್ನು ಪರಿಶೀಲಿಸುವವರು ಯಾರೆಂಬುದನ್ನೂ ನಿಯಮಗಳ ಜೊತೆಗೇ, ಹುದ್ದೆಯ ಹೆಸರು ಹಾಕಿ, ಬರೆದಿಡಬೇಕು.