ಬೋರ್ಡೂ ಬೇಕು, ಡಂಗುರವೂ ಬೇಕು

ಮಕ್ಕಳೇ, ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಜಿಐ ಮನ್ನಣೆ ಸಿಕ್ಕಿತು. ದಾಖಲೆಯಲ್ಲಿ ಅದರ ಹೆಸರು ‘ಗುಲ್ಬರ್ಗಾ ತೂರ್ ದಾಲ್’. ಆದರೆ ಗುಲ್ಬರ್ಗಾ 2014ರ ನವೆಂಬರ್ 1ರಂದೇ ಕಲಬುರಗಿ ಆಗಿತ್ತು!

ಈ ಬೇಳೆಯನ್ನು ಆನ್‌ಲೈನಿನಲ್ಲಿ ಮಾರುವವರು ತಮ್ಮ ಪುಟದಲ್ಲಿ ಬರೀ ‘ಉತ್ತಮ ಬೇಳೆ’ ಎಂದು ಬರೆದರೆ ಗೂಗಲ್‌ಗೆ ಏನು ತಿಳಿಯಬೇಕು? ಒಬ್ಬ ಗಿರಾಕಿ ‘ಗುಲ್ಬರ್ಗಾ’ ಎಂದು ಹುಡುಕುತ್ತಾನೆ, ಇನ್ನೊಬ್ಬ ‘ಕಲಬುರಗಿ’ ಎಂದು. ಎರಡೂ ಹೆಸರು, ಜೊತೆಗೆ ತೂಕ, ದರ ಸ್ಪಷ್ಟವಾಗಿ ಇರಬೇಕು. ಇದನ್ನೇ ಎಸ್‌ಇಒ ಎನ್ನುತ್ತಾರೆ. ಇದು ಅಂಗಡಿಯ ಬೋರ್ಡು. ಹುಡುಕಿ ಬಂದವರಿಗೆ ದಾರಿ ತೋರಿಸುತ್ತದೆ.

ಹೆಸರನ್ನೇ ಕೇಳದವರು ಹುಡುಕುವುದು ಹೇಗೆ? ಅದಕ್ಕೆ ಡಂಗುರ ಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಇಂದಿನ ಡಂಗುರ. ತೊಗರಿ ರಾಶಿಯ ವಿಡಿಯೊ ನೋಡಿ ಮನಸ್ಸಾದವರು ಆಮೇಲೆ ಗೂಗಲ್‌ನಲ್ಲಿ ಆ ಅಂಗಡಿಯನ್ನು ಹುಡುಕುತ್ತಾರೆ. ಡಂಗುರದಲ್ಲಿ ಒಂದು ಹೆಸರು, ಬೋರ್ಡಿನಲ್ಲಿ ಇನ್ನೊಂದು ಇದ್ದರೆ ಗಿರಾಕಿ ಕೈತಪ್ಪಿ ಹೋಗುತ್ತಾನೆ. ಬ್ಯಾಂಕಿನಲ್ಲಿ ನಾವು ಚೆಕ್ಕಿನ ಸಹಿ ಮಾದರಿ ಸಹಿಗೆ ತಾಳೆಯಾದರೆ ಮಾತ್ರ ಹಣ ಕೊಡುತ್ತಿದ್ದೆವು. ಇಲ್ಲೂ ಅದೇ ಲೆಕ್ಕ.

ಶಹಾಬಾದಿನ ಹಾಸುಗಲ್ಲನ್ನು ಮರಾಠಿಯವರು ‘ಶಹಾಬಾದಿ ಫರಶಿ’ ಎನ್ನುತ್ತಾರೆ. ಮಾರುವವರಿಗೆ ಈ ಹೆಸರೂ ಗೊತ್ತಿರಬೇಕು. ಇಂಥ ಹಳೆಯ ಹೆಸರುಗಳು ಅಜ್ಜ–ಅಜ್ಜಿಯರ ಬಾಯಲ್ಲಿವೆ. ಟೈಪ್ ಮಾಡುವ ಬೆರಳು ಮೊಮ್ಮಕ್ಕಳದು. ಇಬ್ಬರೂ ಕೂತು ಪಟ್ಟಿ ಮಾಡಿ.

ಒಂದು ಮಾತು ನೆನಪಿರಲಿ: ಬೇರೆ ಕಡೆಯ ಬೇಳೆಗೆ ನಮ್ಮೂರಿನ ಹೆಸರು ಅಂಟಿಸಬಾರದು. ಹೆಸರು ಕೆಟ್ಟರೆ ಬಿಸಿಲಲ್ಲಿ ದುಡಿದ ರೈತನಿಗೇ ನಷ್ಟ.